ಸ್ಥಳೀಯ ಹೆಸರು

ಈ ಗಿಡದ ಹೆಸರು ನಾನು ಹೇಳುವುದಿಲ್ಲ.
ನಿಮಗೆ ಗೊತ್ತಿರುವುದೇ. ಮೆಟ್ಟಿಲ ಸಂದಿಯಲ್ಲಿ,
ಕೊಳಾಯಿ ಸೋರುವ ಕಡೆ, ಮಳೆ ಬಿದ್ದ ಹದಿನೈದು ದಿನಕ್ಕೆ
ಗೇಣುದ್ದ ಎದ್ದು ನಿಂತಿರುತ್ತದೆ.
ಇದರ ಅಕ್ಕ ಮರವಾದಳು, ಉಪ್ಪಿನಕಾಯಿ ಜಾಡಿ ಸೇರಿ ಹೆಸರಾದಳು.
ಇದು ನೆಲ ಬಿಟ್ಟು ಏಳಲಿಲ್ಲ.

ಹತ್ತು ವರ್ಷದವಳು ನಾನು. ಕಣ್ಣಿನ ಬಿಳುಪು
ಆಲೆಮನೆ ಕೊಪ್ಪರಿಗೆಯ ನೊರೆಯ ಬಣ್ಣಕ್ಕೆ ತಿರುಗಿತ್ತು.
ಅನ್ನ ಕಂಡರೆ ವಾಕರಿಕೆ.
ಮಂಡ್ಯದ ಆಸ್ಪತ್ರೆಯಲ್ಲಿ ರಕ್ತ ತೆಗೆದು
ಗ್ಲೂಕೋಸ್ ಪುಡಿ ಬರೆದುಕೊಟ್ಟು ಕಳಿಸಿದರು.
ಬಸ್ಸಿಳಿದ ಅವ್ವ ಮನೆಗೆ ಹೋಗಲಿಲ್ಲ,
ನೆಟ್ಟಗೆ ಕೆಂಪಾಜಮ್ಮನ ಕೊಟ್ಟಿಗೆಗೆ.

ಕೆಂಪಾಜಮ್ಮ ಕಬ್ಬಿನ ಗದ್ದೆಯಲ್ಲಿ ಕಳೆ ಕೀಳುವವಳು.
ದಿನಕ್ಕೆ ಸಾವಿರ ಗಿಡ ಕಿತ್ತು ಬದುವಿಗೆಸೆಯುವ ಕೈ
ಭಾನುವಾರ ಒಂದೇ ಒಂದನ್ನು
ಬೇರು ಹರಿಯದ ಹಾಗೆ,
ಮಗುವಿನ ಕಾಲಿನ ಮುಳ್ಳು ತೆಗೆದಂತೆ ಎತ್ತುತ್ತಿತ್ತು,
ನಾಲೆ ಏರಿಯ ಮೇಲೆ, ಬೆಳಕು ಹರಿಯುವ ಮುಂಚೆ,
ಎಲೆಗಳಿನ್ನೂ ಕೈ ಮುಗಿದು ಮಲಗಿರುವಾಗ.
ಎದುರಾದವರು ಎಲ್ಲಿಗೆ ಅಂದರೆ
ಬರಿ ತಲೆಯಾಡಿಸುತ್ತಿದ್ದಳು.

"ಎಸ್ರು ಕೇಳ್ಬ್ಯಾಡ ಕಣವ್ವ,
ಎಸ್ರು ಏಳುದ್ರೆ ಗುಣ ಒಂಟೋಯ್ತದೆ."

ಬೇರು ಸಮೇತ ಅರೆದು, ಆಡಿನ ಹಾಲಲ್ಲಿ ಕದಡಿ,
ಮೂರು ಬೆಳಗು, ಬರಿಹೊಟ್ಟೆಗೆ.
ನಾಲಿಗೆಯ ಬುಡದಲ್ಲಿ ಸಂಜೆತನಕ ಕೂತಿರುವ ಕಹಿ.
ಉಪ್ಪಿಲ್ಲ, ಹುಳಿಯಿಲ್ಲ, ಒಗ್ಗರಣೆಯ ವಾಸನೆಯೂ ಇಲ್ಲ;
ಮಧ್ಯಾಹ್ನಕ್ಕೊಂದು ಲೋಟ ಕಬ್ಬಿನ ಹಾಲು.
ದುಡ್ಡು ಮುಟ್ಟಲಿಲ್ಲ ಅವಳು. ಕಣ್ಣು ಬೆಳ್ಳಗಾದ ಮೇಲೆ
ಎರಡು ಅಚ್ಚು ಬೆಲ್ಲ ಸೆರಗಿಗೆ ಹಾಕಿಸಿಕೊಂಡಳು.

ಅವಳ ಗಂಡನಿಗೆ ಮಾತ್ರ ಅದು ನಾಟಲಿಲ್ಲ.
ಅವನ ಈಲಿಯನ್ನು ಸಾರಾಯಿ ಮೊದಲೇ ತಿಂದಿತ್ತು.
ಇದನ್ನೂ ಅವಳೇ ಹೇಳಿದ್ದು, ಕಳೆ ಕೀಳುತ್ತಾ, ತಲೆಯೆತ್ತದೆ.

ಈಗ ಕಾಲೇಜಿನ ಮೇಲಂತಸ್ತಿನಲ್ಲಿ
ಹಳೆ ಪೇಪರಿನ ಮಡಿಕೆಯಲ್ಲಿ ಒಣಗಿದ ಗಿಡಗಳನ್ನು
ದಪ್ಪ ಹಾಳೆಗೆ ಅಂಟಿಸುವುದು ನನ್ನ ಕೆಲಸ.
ಹದಿನಾಲ್ಕು ವರ್ಷ, ದಿನಗೂಲಿ.
ಜಯಶೀಲಾ ಮೇಡಂ ಭೂತಗನ್ನಡಿ ಕೊಟ್ಟು ಹೇಳುತ್ತಾರೆ:
ಇದು ಗರಿಯಂಥ ಒಂದೇ ಎಲೆ ಅಂದುಕೊಂಡಿರಾ? ಅಲ್ಲ,
ಇದು ರೆಂಬೆ, ಒಂದೊಂದೂ ಬೇರೆ ಎಲೆ.
ತಿರುಗಿಸಿ ನೋಡಿ. ಕಂಕುಳಲ್ಲಿ ಗಂಡು ಹೂ, ಹೆಣ್ಣು ಹೂ,
ಸಾಸಿವೆಗಿಂತ ಸಣ್ಣ ಸಂಸಾರ.
ಹರಳಿನ ಕುಟುಂಬದಲ್ಲಿತ್ತು, ಈಗ ಪಾಲಾಗಿ ಬೇರೆ ಮನೆ ಹೂಡಿದೆ.
ಕಾಂಡ ಕೆಂಪಗಿದ್ದು ಕಾಯಿ ತರಿತರಿ ಇದ್ದರೆ
ಅದು ಇನ್ನೊಂದು ಜಾತಿ.

ಗೋಂದಿನ ಕುಂಚ ನನ್ನ ಕೈಯಲ್ಲೇ ಉಳಿಯಿತು.
ಏರಿಯ ಮೇಲೆ ಕೆಂಪಾಜಮ್ಮ ರೆಂಬೆ ಮಗುಚಿ
ಹೆಬ್ಬೆರಳಲ್ಲಿ ಕಾಯಿ ಸವರಿ,
"ಕೆಂಪುಕಾಲಿಂದು ಬ್ಯಾಡ" ಎಂದು ಬಿಟ್ಟು ಮುಂದಕ್ಕೆ ಹೋಗಿದ್ದಳು.

ಒಮ್ಮೆ ಕೇಳಿದೆ: ನನಗೆ ವಾಸಿ ಮಾಡಿದ್ದು ಇದೇನಾ ಮೇಡಂ?
ಕನ್ನಡಕ ತೆಗೆದರು. "ಈಲಿ ಎಷ್ಟೋ ಸಲ ತಾನೇ ರಿಪೇರಿಯಾಗುತ್ತೆ.
ಇಲಿಗಳ ಮೇಲೆ ನೋಡಿದ್ದಾರೆ, ಮನುಷ್ಯರಲ್ಲಿ ಇನ್ನೂ ಖಾತ್ರಿಯಿಲ್ಲ."
ಸ್ವಲ್ಪ ಹೊತ್ತು ಬಿಟ್ಟು:
"ತುಂಬಾ ಕಹಿಯಿತ್ತಾ?"

ಚೀಟಿ ಬರೆಯುತ್ತೇನೆ. ಸಿಕ್ಕ ಜಾಗ: ನಾಲೆ ಏರಿ.
ಎತ್ತರ: ಮೂವತ್ತು ಸೆಂಟಿಮೀಟರ್. ತಿಂಗಳು: ಆಗಸ್ಟ್.
ಸ್ಥಳೀಯ ಹೆಸರು ಎಂಬ ಗೆರೆಯೊಂದನ್ನು ಖಾಲಿ ಬಿಡುತ್ತೇನೆ.
ಮೇಡಂ ಬಯ್ಯದೆ ತಾವೇ ತುಂಬುತ್ತಾರೆ.

ಪೇಪರಿನೊಳಗೆ ಒಣಗುತ್ತಲೇ ಕಾಯಿ ಸಿಡಿಯುತ್ತದೆ,
ಮೂರು ಕೋಣೆ, ಕೋಣೆಗೆರಡು ಬೀಜ.
ಗುಡಿಸಿ ಕಿಟಕಿಯಾಚೆ ಚೆಲ್ಲುತ್ತೇನೆ.
ಕೆಳಗೆ ಸೈಕಲ್ ನಿಲ್ಲಿಸುವಲ್ಲಿ ಈ ಸಲ ಹಸಿರೋ ಹಸಿರು.
ಕಳೆನಾಶಕದ ಡಬ್ಬ ಬೆನ್ನಿಗೇರಿಸಿ ಬಂದ ಹುಡುಗ
"ಇದ್ಯಾವ್ ಗಿಡ ಅಕ್ಕಾ, ಇಷ್ಟೊಂದು?" ಅಂದ.
ತಲೆಯಾಡಿಸಿದೆ.
ಈ ಕಡೆ ಒಂದು ಮಾರು ಬಿಟ್ಟು ಹೊಡಿ, ಎಂದೆ.